ಸಾವಯವ ಆಮ್ಲಗಳ ಸಹಸ್ಫಟಿಕಗಳಲ್ಲಿ ಹೈಡ್ರೋಜನ್ ಬಂಧದ ವಿನ್ಯಾಸಗಳು

ಸಾವಯವ ಆಮ್ಲದ ಅಣುಗಳು ಮತ್ತೊಂದು ಸಂಯುಕ್ತದ ಅಣುಗಳೊಡನೆ ನಿಶ್ಚಿತ ಅನುಪಾತದಲ್ಲಿ ಸೇರಿ, ಪ್ರೋಟಾನ್ ಬಿಟ್ಟುಕೊಡದೆ, ಒಂದೇ ಹರಳಾಗಿ ಕಟ್ಟಿಕೊಂಡರೆ ಅದು ಸಹಸ್ಫಟಿಕ. ಆ ಹರಳಿನಲ್ಲಿ ಎರಡೂ ಬಗೆಯ ಅಣುಗಳು ಹೈಡ್ರೋಜನ್ ಬಂಧಗಳ ಮೂಲಕ ಪದೇ ಪದೇ ಒಂದೇ ಕ್ರಮದಲ್ಲಿ ಜೋಡಣೆಗೊಳ್ಳುವ ರೀತಿಗೆ ಹೈಡ್ರೋಜನ್ ಬಂಧದ ವಿನ್ಯಾಸ ಎಂದು ಹೆಸರು. ಹುಣಸೆಯ ಟಾರ್ಟಾರಿಕ್ ಆಮ್ಲ, ನಿಂಬೆಯ ಸಿಟ್ರಿಕ್ ಆಮ್ಲ, ಕಡಲೆ ಗಿಡ ಒಸರುವ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳು, ಔಷಧ ಕಾರ್ಖಾನೆಗಳು ಬಳಸುವ ಸಕ್ಸಿನಿಕ್ ಮತ್ತು ಫ್ಯೂಮರಿಕ್ ಆಮ್ಲಗಳು ಎಲ್ಲವೂ ಈ ಬಗೆಯ ಹರಳು ಕೊಡಬಲ್ಲವು. ಇವೆಲ್ಲಕ್ಕೂ ಸಾಮಾನ್ಯವಾದದ್ದು ಕಾರ್ಬಾಕ್ಸಿಲಿಕ್ ಗುಂಪು. ಆ ಗುಂಪು ಹೈಡ್ರೋಜನ್ ಬಂಧವನ್ನು ಕೊಡಲೂ ಬಲ್ಲದು, ಪಡೆಯಲೂ ಬಲ್ಲದು. ವಿನ್ಯಾಸಗಳ ಅಧ್ಯಯನವೆಲ್ಲ ಈ ಎರಡು ಗುಣಗಳ ಸುತ್ತ ಬೆಳೆದಿದೆ.

ಪರಿಭಾಷೆ

ಹೈಡ್ರೋಜನ್ ಬಂಧದ ಇಂದಿನ ಅಧಿಕೃತ ವ್ಯಾಖ್ಯೆಯನ್ನು ಶುದ್ಧ ಮತ್ತು ಅನ್ವಯಿಕ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ 2011ರಲ್ಲಿ ಪ್ರಕಟಿಸಿತು. ಅದನ್ನು ರೂಪಿಸಿದ ಸಮಿತಿಯ ನೇತೃತ್ವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇ. ಅರುಣನ್ ಅವರದು, ಅದೇ ಸಂಸ್ಥೆಯ ಗೌತಮ್ ಆರ್. ದೇಸಿರಾಜು ಸಹ ಸದಸ್ಯರಾಗಿದ್ದರು. ಆ ವ್ಯಾಖ್ಯೆಯ ಸಾರ ಹೀಗಿದೆ: ತನಗಿಂತ ಹೆಚ್ಚು ವಿದ್ಯುದೃಣತ್ವವುಳ್ಳ ಪರಮಾಣುವಿಗೆ ಅಂಟಿಕೊಂಡ ಹೈಡ್ರೋಜನ್, ಬೇರೊಂದು ಪರಮಾಣುವಿನ ಅಥವಾ ಪರಮಾಣು ಗುಂಪಿನ ಕಡೆಗೆ ಆಕರ್ಷಣೆಗೊಂಡು, ಬಂಧ ಏರ್ಪಟ್ಟಿರುವುದಕ್ಕೆ ಪುರಾವೆ ಇದ್ದರೆ ಅದು ಹೈಡ್ರೋಜನ್ ಬಂಧ. ಹೈಡ್ರೋಜನ್ ಹೊತ್ತ ಕಡೆಯನ್ನು ದಾತೃ ಎಂದೂ ಅದನ್ನು ಸೆಳೆಯುವ ಕಡೆಯನ್ನು ಗ್ರಾಹಿ ಎಂದೂ ಕರೆಯುತ್ತಾರೆ.

ಆಮ್ಲದೊಡನೆ ಸೇರುವ ಎರಡನೆಯ ಸಂಯುಕ್ತ ಸಹರೂಪಕ. ಆಮ್ಲದ ಪ್ರೋಟಾನ್ ಸಹರೂಪಕಕ್ಕೆ ದಾಟಿ, ಒಂದು ಋಣ ಅಯಾನು ಮತ್ತೊಂದು ಧನ ಅಯಾನು ಆದರೆ ಅದು ಲವಣ. ಸೇರಿಕೊಂಡದ್ದು ನೀರು ಅಥವಾ ಆಲ್ಕೋಹಾಲಿನಂಥ ದ್ರಾವಕವಾದರೆ ಅದು ದ್ರಾವಕಸಹಿತ ಹರಳು. ಈ ಎರಡನ್ನೂ ಸಹಸ್ಫಟಿಕದಿಂದ ಬೇರೆ ಇಡುವುದು ರೂಢಿ. ಲವಣದ ಗೆರೆ ಮಾತ್ರ ಎಲ್ಲ ಕಡೆ ಖಚಿತವಲ್ಲ.

ಎರಡು ಅಣುಗಳ ನಿರ್ದಿಷ್ಟ ಗುಂಪುಗಳು ಬೇರೆ ಬೇರೆ ಹರಳುಗಳಲ್ಲಿಯೂ ಒಂದೇ ರೀತಿ ಕೈಗೂಡುವ ಘಟಕಕ್ಕೆ ಸಿಂಥಾನ್ ಎನ್ನುತ್ತಾರೆ. ಒಂದೇ ಬಗೆಯ ಗುಂಪುಗಳು ಕೂಡಿದರೆ ಸಮಸಿಂಥಾನ್, ಬೇರೆ ಬಗೆಯವು ಕೂಡಿದರೆ ವಿಷಮಸಿಂಥಾನ್.

ಹಿನ್ನೆಲೆ

ದಾಖಲೆಗೆ ಸಿಕ್ಕ ಹಳೆಯ ಸಹಸ್ಫಟಿಕ ಕ್ವಿನ್‌ಹೈಡ್ರೋನ್. ಜರ್ಮನಿಯ ಫ್ರೆಡ್ರಿಕ್ ವೋಲರ್ 1844ರಲ್ಲಿ ಬೆಂಜೋಕ್ವಿನೋನ್ ಮತ್ತು ಹೈಡ್ರೋಕ್ವಿನೋನ್‌ಗಳನ್ನು ಕೂಡಿಸಿ ಅದನ್ನು ಪಡೆದರು. ಆ ಕಾಲದಲ್ಲಿ ಹೈಡ್ರೋಜನ್ ಬಂಧದ ಕಲ್ಪನೆಯೇ ಇರಲಿಲ್ಲ. ಅದನ್ನು 1920ರಲ್ಲಿ ವೆಂಡೆಲ್ ಲ್ಯಾಟಿಮರ್ ಮತ್ತು ವರ್ತ್ ರೋಡ್‌ಬುಷ್ ನೀರಿನ ಗುಣಗಳನ್ನು ವಿವರಿಸಲು ಮುಂದಿಟ್ಟರು. 1939ರಲ್ಲಿ ಬಂದ ಲೈನಸ್ ಪಾಲಿಂಗ್ ಅವರ ಗ್ರಂಥ ಅದಕ್ಕೆ ರಸಾಯನಶಾಸ್ತ್ರದಲ್ಲಿ ಗಟ್ಟಿ ಸ್ಥಾನ ಕೊಟ್ಟಿತು.

ಆಮ್ಲಗಳ ಜೋಡಣೆಯನ್ನು ಮೊದಲು ವ್ಯವಸ್ಥಿತವಾಗಿ ವಿಂಗಡಿಸಿದವರು ಇಸ್ರೇಲಿನ ಲೆಸ್ಲಿ ಲೈಸೆರೋವಿಟ್ಸ್. ಅವರ ವಿಮರ್ಶೆ 1976ರದು. 1980ರ ದಶಕದಲ್ಲಿ ಅಮೆರಿಕದ ಮಾರ್ಗರೆಟ್ ಎಟರ್ ಆಮ್ಲ, ಅಮೈಡ್, ಯೂರಿಯಾ ಹರಳುಗಳನ್ನು ಹೋಲಿಸಿ ಕೆಲವು ಸೂತ್ರಗಳನ್ನು ಕಂಡುಕೊಂಡರು. ಅವುಗಳಲ್ಲಿ ಮುಖ್ಯವಾದದ್ದು ಇದು: ಅತಿ ಪ್ರಬಲ ದಾತೃವು ಅತಿ ಪ್ರಬಲ ಗ್ರಾಹಿಯನ್ನು ಮೊದಲು ಹಿಡಿಯುತ್ತದೆ, ಉಳಿದವು ಉಳಿದವುಗಳೊಡನೆ ಕೂಡುತ್ತವೆ. ಎಟರ್ 1992ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡರೂ ಈ ಕ್ಷೇತ್ರದ ಭಾಷೆ ಇಂದಿಗೂ ಅವರದೇ.

ದೇಸಿರಾಜು ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿದ್ದಾಗ 1989ರಲ್ಲಿ ಸ್ಫಟಿಕ ಎಂಜಿನಿಯರಿಂಗ್ ಕುರಿತ ಗ್ರಂಥವನ್ನೂ 1995ರಲ್ಲಿ ಸಿಂಥಾನ್ ಕಲ್ಪನೆಯ ಲೇಖನವನ್ನೂ ಪ್ರಕಟಿಸಿದರು. ಅಲ್ಲಿಯವರೆಗೆ ಹರಳು ಬೆಳೆದ ಮೇಲೆ ಅದರ ರಚನೆಯನ್ನು ವಿವರಿಸುವುದು ಹೆಚ್ಚಿನ ಕೆಲಸವಾಗಿತ್ತು. ಬೇಕಾದ ಹರಳನ್ನು ಮುಂಚಿತವಾಗಿ ಯೋಜಿಸಿ ಕಟ್ಟುವ ಪ್ರಯತ್ನಕ್ಕೆ ಒಂದು ಸಾಧನ ಸಿಕ್ಕಿದ್ದು ಸಿಂಥಾನ್‌ನಿಂದ.

ಕಾರ್ಬಾಕ್ಸಿಲಿಕ್ ಗುಂಪಿನ ರಚನೆ

ಕಾರ್ಬಾಕ್ಸಿಲಿಕ್ ಗುಂಪಿನಲ್ಲಿ ಒಂದು ಇಂಗಾಲಕ್ಕೆ ಎರಡು ಆಮ್ಲಜನಕಗಳು ಅಂಟಿರುತ್ತವೆ. ಒಂದು ದ್ವಿಬಂಧದ ಕಾರ್ಬೊನಿಲ್ ಆಮ್ಲಜನಕ, ಇನ್ನೊಂದು ಹೈಡ್ರೋಜನ್ ಹೊತ್ತ ಹೈಡ್ರಾಕ್ಸಿಲ್ ಆಮ್ಲಜನಕ. ಹೈಡ್ರಾಕ್ಸಿಲ್ ಭಾಗ ಪ್ರಬಲ ದಾತೃ, ಕಾರ್ಬೊನಿಲ್ ಭಾಗ ಒಳ್ಳೆಯ ಗ್ರಾಹಿ. ಎರಡೂ ಪಕ್ಕಪಕ್ಕದಲ್ಲಿ, ಒಂದೇ ಸಮತಲದಲ್ಲಿ ಇರುವುದರಿಂದ ಎದುರಿನ ಅಣುವಿನ ಗುಂಪು ತಕ್ಕ ಆಕಾರದ್ದಾದರೆ ಏಕಕಾಲಕ್ಕೆ ಎರಡು ಬಂಧಗಳು ಏರ್ಪಟ್ಟು ಉಂಗುರ ಮುಚ್ಚಿಕೊಳ್ಳುತ್ತದೆ. ಎರಡು ಆಮ್ಲ ಅಣುಗಳ ನಡುವಿನ ಅಂಥ ಉಂಗುರದಲ್ಲಿ ಆಮ್ಲಜನಕದಿಂದ ಆಮ್ಲಜನಕಕ್ಕೆ ಇರುವ ದೂರ ಸುಮಾರು 2.65 ಆಂಗ್‌ಸ್ಟ್ರಾಂ. ಅನಿಲ ಸ್ಥಿತಿಯಲ್ಲಿ ಫಾರ್ಮಿಕ್ ಆಮ್ಲದ ಜೋಡಿಯನ್ನು ಬಿಡಿಸಲು ಮೋಲ್‌ಗೆ ಸುಮಾರು 60 ಕಿಲೋಜೂಲ್ ಬೇಕು. ಸಾಮಾನ್ಯ ಸಹವೇಲೆನ್ಸಿ ಬಂಧದ ಶಕ್ತಿಗೆ ಹೋಲಿಸಿದರೆ ಇದು ಕಡಿಮೆ, ಆದರೂ ಹರಳಿನ ಕಟ್ಟಡವನ್ನು ನಿರ್ಧರಿಸಲು ಸಾಕು.

ವಿನ್ಯಾಸಗಳನ್ನು ಗುರುತಿಸುವ ಕ್ರಮ

ಎಟರ್ ರೂಪಿಸಿದ, ಮುಂದೆ ಜೋಯೆಲ್ ಬರ್ನ್‌ಸ್ಟೈನ್ ಮತ್ತಿತರರು ವಿಸ್ತರಿಸಿದ ಗ್ರಾಫ್ ಸೆಟ್ ಸಂಕೇತ ಇಂದು ಎಲ್ಲೆಡೆ ಬಳಕೆಯಲ್ಲಿದೆ. ಉಂಗುರಕ್ಕೆ ಆರ್, ಕೊನೆಯಿಲ್ಲದ ಸರಪಳಿಗೆ ಸಿ, ಒಂದೇ ಅಣುವಿನೊಳಗಿನ ಬಂಧಕ್ಕೆ ಎಸ್, ಮುಂದುವರಿಯದೆ ನಿಲ್ಲುವ ಜೋಡಣೆಗೆ ಡಿ. ಅಕ್ಷರದ ಮೇಲೆ ಗ್ರಾಹಿಗಳ ಸಂಖ್ಯೆ, ಕೆಳಗೆ ದಾತೃಗಳ ಸಂಖ್ಯೆ, ಆವರಣದಲ್ಲಿ ಆ ವಿನ್ಯಾಸದ ಪರಮಾಣುಗಳ ಒಟ್ಟು ಸಂಖ್ಯೆ ಬರೆಯುತ್ತಾರೆ. ಎರಡು ಆಮ್ಲಗಳ ಉಂಗುರದಲ್ಲಿ ಎರಡು ದಾತೃ, ಎರಡು ಗ್ರಾಹಿ, ಎಂಟು ಪರಮಾಣುಗಳಿರುವುದರಿಂದ ಅದು ಆರ್ 2,2 (8). ಸಂಕೇತ ಚಿಕ್ಕದಾದರೂ ಅದರ ಪ್ರಯೋಜನ ದೊಡ್ಡದು: ರಾಸಾಯನಿಕವಾಗಿ ಯಾವ ಸಂಬಂಧವೂ ಇಲ್ಲದ ಎರಡು ಹರಳುಗಳು ಒಂದೇ ವಿನ್ಯಾಸದವು ಎಂದು ಇದರಿಂದ ಕೂಡಲೇ ತಿಳಿಯುತ್ತದೆ.

ಮುಖ್ಯ ವಿಧಗಳು

ಆಮ್ಲ–ಆಮ್ಲ. ಬೆಂಜೋಯಿಕ್ ಆಮ್ಲದ ಹರಳಿನಲ್ಲಿ ಅಣುಗಳು ಆರ್ 2,2 (8) ಜೋಡಿಗಳಾಗಿ ಕೂಡಿವೆ. ಫಾರ್ಮಿಕ್ ಮತ್ತು ಅಸಿಟಿಕ್ ಆಮ್ಲಗಳಂಥ ಪುಟ್ಟ ಅಣುಗಳು ಜೋಡಿ ಬಿಟ್ಟು ಸಿ (4) ಸರಪಳಿ ಹಿಡಿಯುತ್ತವೆ. ಆಕ್ಸಾಲಿಕ್ ಆಮ್ಲ ತನ್ನ ಎರಡು ಬಹುರೂಪಗಳಲ್ಲಿ, ಅಂದರೆ ಒಂದೇ ವಸ್ತುವಿನ ಬೇರೆ ಬೇರೆ ಹರಳು ರೂಪಗಳಲ್ಲಿ, ಒಂದರಲ್ಲಿ ಸರಪಳಿಯನ್ನೂ ಇನ್ನೊಂದರಲ್ಲಿ ಜೋಡಿಯನ್ನೂ ತೋರುತ್ತದೆ. ಎರಡು ಬೇರೆ ಆಮ್ಲಗಳು ಕೂಡಿದ ಸಹಸ್ಫಟಿಕಗಳು ವಿರಳ, ಏಕೆಂದರೆ ಪ್ರತಿ ಆಮ್ಲಕ್ಕೂ ತನ್ನ ಜೊತೆಯೇ ಜೋಡಿಯಾಗುವ ಅವಕಾಶ ಇದ್ದೇ ಇರುತ್ತದೆ. 3,5-ಡೈನೈಟ್ರೋಬೆಂಜೋಯಿಕ್ ಮತ್ತು 4-ಅಮಿನೋಬೆಂಜೋಯಿಕ್ ಆಮ್ಲಗಳ ಸಹಸ್ಫಟಿಕ ಈ ವಿರಳ ವರ್ಗದ್ದು. ಎಟರ್ ಮತ್ತು ಸಹೋದ್ಯೋಗಿ 1989ರಲ್ಲಿ ಇದನ್ನು ವರದಿ ಮಾಡಿದರು.

ಆಮ್ಲ–ಪಿರಿಡೀನ್. ಪಿರಿಡೀನ್ ಉಂಗುರದ ಸಾರಜನಕವು ಕಾರ್ಬೊನಿಲ್‌ಗಿಂತ ಪ್ರಬಲ ಗ್ರಾಹಿ. ಹಾಗಾಗಿ ಆಮ್ಲ ತನ್ನ ಸ್ವಂತ ಜೋಡಿಯನ್ನು ಮುರಿದುಕೊಂಡು ಅದರ ಕಡೆ ಹೋಗುತ್ತದೆ. ಹೈಡ್ರಾಕ್ಸಿಲ್‌ನಿಂದ ಸಾರಜನಕಕ್ಕೆ ಪ್ರಬಲ ಬಂಧ, ಪಿರಿಡೀನಿನ ಇಂಗಾಲ–ಹೈಡ್ರೋಜನ್‌ನಿಂದ ಕಾರ್ಬೊನಿಲ್‌ಗೆ ದುರ್ಬಲ ಬಂಧ. ಇವೆರಡೂ ಸೇರಿ ಆರ್ 2,2 (7) ಉಂಗುರ. ಔಷಧ ಅಣುಗಳಲ್ಲಿ ಪಿರಿಡೀನಿನಂಥ ಸಾರಜನಕ ಉಂಗುರಗಳು ಸಾಮಾನ್ಯವಾದ್ದರಿಂದ ಪ್ರಾಯೋಗಿಕವಾಗಿ ಅತಿ ಹೆಚ್ಚು ನೆಚ್ಚಬಹುದಾದ ವಿಷಮಸಿಂಥಾನ್ ಇದೇ.

ಆಮ್ಲ–ಅಮೈಡ್. ಅಮೈಡ್‌ನಲ್ಲಿ ದಾತೃ ಮತ್ತು ಗ್ರಾಹಿ ಎರಡೂ ಇರುವುದರಿಂದ ಇಲ್ಲಿಯೂ ಆರ್ 2,2 (8) ಉಂಗುರ ಬರುತ್ತದೆ. ಐಸೊನಿಕೋಟಿನಮೈಡ್ ಅಣುವಿನಲ್ಲಿ ಪಿರಿಡೀನ್ ಸಾರಜನಕ, ಅಮೈಡ್ ಎರಡೂ ಇವೆ. ಆಮ್ಲ ಒಂದು ಪಾಲು ಇದ್ದಾಗ ಅದು ಪಿರಿಡೀನ್ ಹಿಡಿಯುತ್ತದೆ, ಅಮೈಡ್‌ಗಳು ತಮ್ಮತಮ್ಮಲ್ಲಿ ಜೋಡಿಯಾಗುತ್ತವೆ; ಎರಡು ಪಾಲು ಇದ್ದಾಗ ಎರಡನೆಯದು ಅಮೈಡ್‌ಗೆ ಸೇರುತ್ತದೆ. ಇದನ್ನೇ ಬಳಸಿಕೊಂಡು ಕ್ರಿಸ್ಟರ್ ಆಕೆರೊಯ್ ತಂಡ 2001ರಲ್ಲಿ ಎರಡು ಬೇರೆ ಆಮ್ಲಗಳನ್ನು ಐಸೊನಿಕೋಟಿನಮೈಡಿನ ಎರಡು ತುದಿಗಳಿಗೆ ಕೂಡಿಸಿತು. ಪ್ರಬಲವಾದ ಆಮ್ಲ ಪಿರಿಡೀನ್ ಕಡೆಗೂ ದುರ್ಬಲವಾದದ್ದು ಅಮೈಡ್ ಕಡೆಗೂ ಹೋಯಿತು. ಎಟರ್ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗುವುದು ಕಷ್ಟ.

ಆಮ್ಲ–ಯೂರಿಯಾ. ಯೂರಿಯಾ ಅಣುವಿನಲ್ಲಿ ಒಂದು ಕಾರ್ಬೊನಿಲ್ ಆಮ್ಲಜನಕ, ನಾಲ್ಕು ಹೈಡ್ರೋಜನ್‌ಗಳಿವೆ. ಎರಡು ಪಾಲು ಯೂರಿಯಾ, ಒಂದು ಪಾಲು ಆಕ್ಸಾಲಿಕ್ ಆಮ್ಲ ಸೇರಿದ ಹರಳು ಈ ವರ್ಗದ ಮಾದರಿ. ಆಕ್ಸಾಲಿಕ್ ಆಮ್ಲದ ಎರಡು ತುದಿಗಳಿಗೂ ಒಂದೊಂದು ಯೂರಿಯಾ ಕೂಡುತ್ತದೆ. ಆಮ್ಲದ ಹೈಡ್ರಾಕ್ಸಿಲ್‌ನಿಂದ ಯೂರಿಯಾದ ಆಮ್ಲಜನಕಕ್ಕೆ ಹೋಗುವ ಬಂಧ ಅಸಾಧಾರಣವಾಗಿ ಗಿಡ್ಡ, ಸುಮಾರು 2.5 ಆಂಗ್‌ಸ್ಟ್ರಾಂ; ಯೂರಿಯಾದ ಒಂದು ಹೈಡ್ರೋಜನ್ ಆಮ್ಲದ ಕಾರ್ಬೊನಿಲ್‌ಗೆ ಬಂಧಿಸಿ ಎಂಟರ ಉಂಗುರವನ್ನು ಮುಚ್ಚುತ್ತದೆ. ಉಳಿದ ಹೈಡ್ರೋಜನ್‌ಗಳು ಈ ಮೂರಣುಗಳ ಘಟಕಗಳನ್ನು ಅಕ್ಕಪಕ್ಕದಲ್ಲಿ ಹೆಣೆದು ಹಾಳೆಯಾಗಿಸುತ್ತವೆ. ಹತ್ತೊಂಬತ್ತನೆಯ ಶತಮಾನದ ರಸಾಯನಜ್ಞರು ಯೂರಿಯಾವನ್ನು ಬೇರ್ಪಡಿಸಲು ಆಕ್ಸಾಲಿಕ್ ಆಮ್ಲ ಹಾಕಿ ಈ ಹರಳನ್ನು ಇಳಿಸುತ್ತಿದ್ದರು, ಲವಣವೆಂದು ತಿಳಿದು ಯೂರಿಯಾ ಆಕ್ಸಲೇಟ್ ಎಂದು ಕರೆದರು. ಪ್ರೋಟಾನ್ ಆಮ್ಲದಲ್ಲಿಯೇ ಉಳಿದಿದೆ ಎಂಬುದು ನ್ಯೂಟ್ರಾನ್ ವಿವರ್ತನೆಯಿಂದ ಖಚಿತವಾಯಿತು.

ಲವಣ ಮತ್ತು ಸಹಸ್ಫಟಿಕದ ನಡುವಿನ ಗಡಿ

ಪ್ರೋಟಾನ್ ದಾಟುವುದೋ ಇಲ್ಲವೋ ಎಂಬುದನ್ನು ಅಂದಾಜು ಮಾಡಲು ಪ್ರತ್ಯಾಮ್ಲದ ಸಂಯೋಗಿ ಆಮ್ಲದ (ಪ್ರೋಟಾನ್ ಪಡೆದ ಪ್ರತ್ಯಾಮ್ಲದ) ಪಿಕೆಎ ಮೌಲ್ಯದಿಂದ ಆಮ್ಲದ ಪಿಕೆಎ ಮೌಲ್ಯವನ್ನು ಕಳೆಯುತ್ತಾರೆ; ಪಿಕೆಎ ಕಡಿಮೆಯಾದಷ್ಟೂ ಆಮ್ಲ ಪ್ರಬಲ. ಅರೋರಾ ಕ್ರೂಸ್-ಕಬೆಝಾ 2012ರಲ್ಲಿ 6,465 ಹರಳುಗಳನ್ನು ಪರಿಶೀಲಿಸಿ ಈ ಅಳತೆಯನ್ನು ಗಟ್ಟಿಗೊಳಿಸಿದರು. ವ್ಯತ್ಯಾಸ ಋಣ 1ಕ್ಕಿಂತ ಕಡಿಮೆಯಾದರೆ ಸಹಸ್ಫಟಿಕ, 4ಕ್ಕಿಂತ ಹೆಚ್ಚಾದರೆ ಲವಣ. ನಡುವೆ ವ್ಯತ್ಯಾಸ ಒಂದು ಅಂಕ ಏರಿದಂತೆ ಲವಣವಾಗುವ ಸಂಭವ ಶೇ. 17ರಷ್ಟು ಏರುತ್ತದೆ. ಆಕ್ಸಾಲಿಕ್ ಆಮ್ಲದ ಮೊದಲ ಪಿಕೆಎ ಸುಮಾರು 1.25, ಪ್ರೋಟಾನ್ ಪಡೆದ ಯೂರಿಯಾದ್ದು ಸುಮಾರು 0.1. ವ್ಯತ್ಯಾಸ ಋಣ 1.1ರ ಆಸುಪಾಸು ಬರುತ್ತದೆ, ಫಲಿತಾಂಶವೂ ಸಹಸ್ಫಟಿಕವೇ. ಪಿರಿಡೀನ್ ಮತ್ತು ಬೆಂಜೋಯಿಕ್ ಆಮ್ಲದ ನಡುವಿನ ವ್ಯತ್ಯಾಸ ಸುಮಾರು 1. ಅಂಥ ಜೋಡಿಗಳಲ್ಲಿ ಲೆಕ್ಕ ಒಂದೇ ಉತ್ತರ ಕೊಡುವುದಿಲ್ಲ.

ಪಿಕೆಎ ಎಂಬುದು ನೀರಿನಲ್ಲಿ ಅಳೆದ ಮೌಲ್ಯ, ಹರಳಿನೊಳಗೆ ನೀರಿಲ್ಲ. ನಡುವಣ ವಲಯದಲ್ಲಿ ಅದು ಕೈಕೊಡಲು ಕಾರಣ ಇದು. ಆಗ ರಚನೆಯನ್ನೇ ನೋಡಬೇಕಾಗುತ್ತದೆ. ಆಮ್ಲ ರೂಪದಲ್ಲಿ ಇಂಗಾಲ–ಆಮ್ಲಜನಕದ ಎರಡು ಬಂಧಗಳು ಸುಮಾರು 1.21 ಮತ್ತು 1.31 ಆಂಗ್‌ಸ್ಟ್ರಾಂ ಉದ್ದವಿರುತ್ತವೆ. ಪ್ರೋಟಾನ್ ಕಳೆದುಕೊಂಡಾಗ ಎರಡೂ 1.25ರ ಹತ್ತಿರ ಬರುತ್ತವೆ. ಕ್ಷ-ಕಿರಣಗಳು ಇಲೆಕ್ಟ್ರಾನುಗಳನ್ನು ಕಾಣುತ್ತವೆ, ಹೈಡ್ರೋಜನ್‌ಗೆ ಇರುವುದು ಒಂದೇ ಇಲೆಕ್ಟ್ರಾನ್. ಆದ್ದರಿಂದ ಅದರ ಸ್ಥಾನ ಮಸುಕಾಗಿ ತೋರುತ್ತದೆ. ನ್ಯೂಟ್ರಾನ್ ಕಿರಣ ನ್ಯೂಕ್ಲಿಯಸ್ಸನ್ನೇ ಕಾಣುತ್ತದೆ. ಭಾರತದಲ್ಲಿ ಈ ಸೌಲಭ್ಯ ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲಿದೆ. ನ್ಯೂಟ್ರಾನ್ ಅಧ್ಯಯನಗಳು ತೋರಿಸಿಕೊಟ್ಟ ಒಂದು ಮಹತ್ವದ ಸಂಗತಿ ಎಂದರೆ, ಕೆಲವು ಹರಳುಗಳಲ್ಲಿ ಪ್ರೋಟಾನ್ ಯಾವ ಕಡೆಗೂ ಸೇರದೆ ನಡುವೆ ನಿಲ್ಲುತ್ತದೆ. ಯೂರಿಯಾ ಮತ್ತು ಫಾಸ್ಫಾರಿಕ್ ಆಮ್ಲದ ಹರಳಿನಲ್ಲಿ ಆಮ್ಲಜನಕಗಳ ದೂರ ಸುಮಾರು 2.4 ಆಂಗ್‌ಸ್ಟ್ರಾಂಗೆ ಇಳಿದಿದೆ; ತಾಪ ಏರಿದಂತೆ ಪ್ರೋಟಾನ್ ಬಂಧದ ಮಧ್ಯಕ್ಕೆ ಸರಿಯುವುದನ್ನು 2001ರಲ್ಲಿ ವರದಿ ಮಾಡಲಾಯಿತು. ಫಾಸ್ಫಾರಿಕ್ ಆಮ್ಲ ಸಾವಯವವಲ್ಲ, ಆದರೂ ಗಡಿಯ ಸ್ವರೂಪ ತಿಳಿಯಲು ಈ ಹರಳು ತುಂಬ ಸ್ಪಷ್ಟವಾದ ನಿದರ್ಶನ.

ತಯಾರಿಕೆ ಮತ್ತು ಗುರುತಿಸುವಿಕೆ

ಎರಡು ಘನಗಳನ್ನು ಒಂದೇ ದ್ರಾವಕದಲ್ಲಿ ಕರಗಿಸಿ ನಿಧಾನವಾಗಿ ಆರಲು ಬಿಡುವುದು ಹಳೆಯ ವಿಧಾನ. ರಚನೆ ಬಿಡಿಸಲು ಬೇಕಾದ ಒಳ್ಳೆಯ ಹರಳು ಹೆಚ್ಚಾಗಿ ಇದರಿಂದಲೇ ಸಿಗುತ್ತದೆ. ಖಲ್ಲಿನಲ್ಲಿ ಅರೆಯುವುದು ಇನ್ನೊಂದು ವಿಧಾನ. ಅರೆಯುವಾಗ ಕೆಲವು ಹನಿ ದ್ರಾವಕ ಸೇರಿಸಿದರೆ ಸಹಸ್ಫಟಿಕ ಬಹು ಬೇಗ ಉಂಟಾಗುತ್ತದೆ. ಕೂಡಿಸಿ ಕರಗಿಸಿ ತಣಿಸುವ ಪದ್ಧತಿಯೂ ಇದೆ.

ಅವಕೆಂಪು ರೋಹಿತ ತ್ವರಿತ ಪರೀಕ್ಷೆಗೆ ಉಪಯುಕ್ತ. ಆಮ್ಲ–ಪಿರಿಡೀನ್ ಬಂಧವಿದ್ದರೆ ಸೆಂಟಿಮೀಟರಿಗೆ 2450 ಮತ್ತು 1900 ಅಲೆಗಳ ಆಸುಪಾಸಿನಲ್ಲಿ ಎರಡು ಅಗಲವಾದ ಪಟ್ಟೆಗಳು ಕಾಣುತ್ತವೆ. ಕೊನೆಯ ಸಾಕ್ಷ್ಯ ಏಕಸ್ಫಟಿಕ ಕ್ಷ-ಕಿರಣ ವಿವರ್ತನೆಯದೇ.

ಕರ್ನಾಟಕದಲ್ಲಿ ಅಧ್ಯಯನ

ಈ ಶಾಖೆಯ ಬೆಳವಣಿಗೆಯಲ್ಲಿ ಬೆಂಗಳೂರಿನ ಪಾತ್ರ ವ್ಯಾಖ್ಯೆಗೆ ಸೀಮಿತವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಘನಸ್ಥಿತಿ ಮತ್ತು ರಾಚನಿಕ ರಸಾಯನಶಾಸ್ತ್ರ ವಿಭಾಗವನ್ನು ಸಿ.ಎನ್.ಆರ್. ರಾವ್ 1976ರಲ್ಲಿ ಆರಂಭಿಸಿದರು. ಅದೇ ವಿಭಾಗದ ಟಿ.ಎನ್. ಗುರುರಾವ್ ಅವರ ತಂಡ 2010ರಲ್ಲಿ ನಿಕೋಟಿನಮೈಡ್ ಸ್ಯಾಲಿಸಿಲಿಕ್ ಆಮ್ಲದೊಡನೆಯೂ ಆಕ್ಸಾಲಿಕ್ ಆಮ್ಲದೊಡನೆಯೂ ಕೊಡುವ ಹರಳುಗಳಲ್ಲಿ ಇಲೆಕ್ಟ್ರಾನ್ ಸಾಂದ್ರತೆಯನ್ನು ಅಳೆದು, ಲವಣದಿಂದ ಸಹಸ್ಫಟಿಕದವರೆಗಿನ ಹಂತಗಳನ್ನು ಬಂಧದ ಒಳಗಿನಿಂದಲೇ ಪರಿಶೀಲಿಸಿತು.

ದೇಸಿರಾಜು 2009ರಲ್ಲಿ ಈ ಸಂಸ್ಥೆಗೆ ಬಂದರು. 2011ರಿಂದ 2014ರವರೆಗೆ ಅಂತರರಾಷ್ಟ್ರೀಯ ಸ್ಫಟಿಕವಿಜ್ಞಾನ ಒಕ್ಕೂಟದ ಅಧ್ಯಕ್ಷರಾಗಿದ್ದರು. ಅವರ ತಂಡ ಘಟಕಗಳ ಸಂಖ್ಯೆಯನ್ನು ಹಂತ ಹಂತವಾಗಿ ಏರಿಸಿತು: 2011ರ ಹೊತ್ತಿಗೆ ಮೂರು ಘಟಕಗಳ ಸಹಸ್ಫಟಿಕಗಳು, 2016ರಲ್ಲಿ ನಾಲ್ಕು ಮತ್ತು ಐದು, 2018ರಲ್ಲಿ ಆರು. ದ್ರಾವಣದಲ್ಲಿ ಆರು ಬಗೆಯ ಅಣುಗಳಿದ್ದರೆ ಅವು ಬೇರೆ ಬೇರೆ ಹರಳುಗಳಾಗಿ ಇಳಿಯುವುದೇ ಸಹಜ. ಆರನ್ನೂ ಒಂದೇ ಹರಳಿನಲ್ಲಿ ಕೂಡಿಸಿದ್ದು ವಿನ್ಯಾಸಗಳ ತಿಳಿವಳಿಕೆ ಎಷ್ಟು ಆಳಕ್ಕೆ ಹೋಗಿದೆ ಎಂಬುದಕ್ಕೆ ಪುರಾವೆ.

ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಎಚ್.ಎಸ್. ಯತಿರಾಜನ್ ಮತ್ತು ಸಹವರ್ತಿಗಳು ಔಷಧ ಅಣುಗಳು ಆಮ್ಲಗಳೊಡನೆ ಕೊಡುವ ಲವಣಗಳ ಮತ್ತು ಸಹಸ್ಫಟಿಕಗಳ ರಚನೆಗಳನ್ನು ದೊಡ್ಡ ಸಂಖ್ಯೆಯಲ್ಲಿ ಪ್ರಕಟಿಸಿದ್ದಾರೆ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಬಿ. ತಿಮ್ಮೇಗೌಡ ಅವರು ಆಮ್ಲ ಮತ್ತು ಅಮೈಡ್ ಎರಡೂ ಒಂದೇ ಅಣುವಿನಲ್ಲಿರುವ ಸಂಯುಕ್ತಗಳ ಹರಳುಗಳನ್ನು ಅಧ್ಯಯನ ಮಾಡಿದರು.

ಉಪಯೋಗಗಳು

ಹೆಚ್ಚಿನ ಬೇಡಿಕೆ ಔಷಧ ಕ್ಷೇತ್ರದ್ದು. ನೀರಿನಲ್ಲಿ ಕರಗದ ಔಷಧವನ್ನು ಅದರ ಅಣುವನ್ನು ಬದಲಿಸದೆ ಕರಗುವಂತೆ ಮಾಡುವುದು ಇಲ್ಲಿನ ಗುರಿ. ಶಿಲೀಂಧ್ರನಾಶಕ ಇಟ್ರಾಕೊನಜೋಲ್ 2003ರಲ್ಲಿ ಸಕ್ಸಿನಿಕ್, ಫ್ಯೂಮರಿಕ್, ಮ್ಯಾಲಿಕ್, ಟಾರ್ಟಾರಿಕ್ ಆಮ್ಲಗಳೊಡನೆ ಸಹಸ್ಫಟಿಕ ಕೊಟ್ಟಿತು. ಹೆಚ್ಚು ಪ್ರಬಲವಾದ ಮ್ಯಾಲಿಯಿಕ್ ಆಮ್ಲ ಕೊಡಲಿಲ್ಲ. ಅದರ ಎರಡು ಕಾರ್ಬಾಕ್ಸಿಲಿಕ್ ಗುಂಪುಗಳು ಒಂದೇ ಬದಿಗೆ ಬಾಗಿರುವುದರಿಂದ ಎರಡು ಔಷಧ ಅಣುಗಳ ನಡುವೆ ಸೇತುವಾಗಿ ಚಾಚಿಕೊಳ್ಳಲು ಆಗುವುದಿಲ್ಲ. ಆಮ್ಲದ ಬಲಕ್ಕಿಂತ ಆಕಾರ ಮುಖ್ಯವಾದ ಪ್ರಕರಣ ಇದು.

ಕೆಫೀನ್ ತೇವದ ಗಾಳಿಯಲ್ಲಿ ನೀರು ಹೀರಿ ರೂಪ ಬದಲಿಸುತ್ತದೆ. ಆಕ್ಸಾಲಿಕ್ ಆಮ್ಲದೊಡನೆ ಅದು ಕೊಡುವ ಸಹಸ್ಫಟಿಕ ಹೆಚ್ಚಿನ ತೇವದಲ್ಲಿಯೂ ಸ್ಥಿರವಾಗಿರುತ್ತದೆ ಎಂದು 2005ರಲ್ಲಿ ತೋರಿಸಲಾಯಿತು. ಪ್ಯಾರಸಿಟಮಾಲ್‌ನ ಸಾಮಾನ್ಯ ರೂಪವನ್ನು ಒತ್ತಿ ಮಾತ್ರೆ ಮಾಡುವುದು ಕಷ್ಟ. ಆಕ್ಸಾಲಿಕ್ ಆಮ್ಲದ ಸಹಸ್ಫಟಿಕದಲ್ಲಿ ಅಣುಗಳು ಪದರವಾಗಿ ಕೂತು ಒಂದರ ಮೇಲೊಂದು ಜಾರಬಲ್ಲವಾದ್ದರಿಂದ ಅದು ಚೆನ್ನಾಗಿ ಒತ್ತಿಕೊಳ್ಳುತ್ತದೆ.

ಮಾರುಕಟ್ಟೆಯಲ್ಲಿರುವ ಔಷಧಗಳಲ್ಲಿ ಮಧುಮೇಹದ ಎರ್ಟುಗ್ಲಿಫ್ಲೋಜಿನ್ ಪೈರೊಗ್ಲುಟಾಮಿಕ್ ಆಮ್ಲದ ಸಹಸ್ಫಟಿಕವಾಗಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅದಕ್ಕೆ 2017ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಸಹಸ್ಫಟಿಕಗಳನ್ನು ಹೊಸ ಔಷಧವೆಂದಲ್ಲದೆ ಬಹುರೂಪಗಳಂತೆ ಪರಿಗಣಿಸಬೇಕೆಂಬ ಮಾರ್ಗಸೂಚಿಯನ್ನು ಅದೇ ಆಡಳಿತ 2018ರಲ್ಲಿ ಅಂತಿಮಗೊಳಿಸಿತು.

ಸಿಂಧನೂರು, ಲಿಂಗಸುಗೂರು, ಮಸ್ಕಿ ಪ್ರದೇಶದ ಸಂಬಂಧ

ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಸಹಸ್ಫಟಿಕದ ಎರಡು ಪಾಲುದಾರರೂ, ಅಂದರೆ ಆಮ್ಲವೂ ಯೂರಿಯಾವೂ, ಬೇಸಾಯದ ಭಾಗವಾಗಿವೆ. ಮಸ್ಕಿ ಮತ್ತು ಲಿಂಗಸುಗೂರಿನ ಎರೆ ಹೊಲಗಳಲ್ಲಿ ಹಿಂಗಾರಿಗೆ ಬೆಳೆಯುವ ಕಡಲೆಯ ಎಲೆ, ಕಾಂಡ, ಕಾಯಿಗಳ ಮೇಲೆ ಸಣ್ಣ ಗ್ರಂಥಿರೋಮಗಳಿವೆ. ಅವು ಒಸರುವ ಹುಳಿಯಲ್ಲಿ ಮುಖ್ಯವಾಗಿರುವುದು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳು. ನಸುಕಿನಲ್ಲಿ ಗಿಡದ ಮೇಲೆ ಬಟ್ಟೆ ಹಾಸಿ, ಇಬ್ಬನಿಯೊಡನೆ ಆ ಹುಳಿಯನ್ನು ಹೀರಿಸಿ ಹಿಂಡಿಕೊಳ್ಳುವ ಪದ್ಧತಿ ಭಾರತದಲ್ಲಿ ಹಳೆಯದು. ಹೊಟ್ಟೆನೋವು, ಅಜೀರ್ಣಕ್ಕೆ ಮನೆಮದ್ದಾಗಿ ಅದನ್ನು ಬಳಸುತ್ತಾರೆ.

ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸೀಮೆ, ಯೂರಿಯಾ ಅಲ್ಲಿನ ಮುಖ್ಯ ಗೊಬ್ಬರಗಳಲ್ಲೊಂದು. ಯೂರಿಯಾದ ದೋಷಗಳು ಎರಡು. 30 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಗಾಳಿಯ ಸಾಪೇಕ್ಷ ತೇವಾಂಶ ಸುಮಾರು ಶೇ. 73 ದಾಟಿದರೆ ಅದು ನೀರು ಹೀರಿ ಗಂಟುಕಟ್ಟುತ್ತದೆ. ಮಣ್ಣಿನಲ್ಲಿ ಯೂರಿಯೇಸ್ ಕಿಣ್ವ ಅದನ್ನು ಒಡೆಯುವುದರಿಂದ ಸಾರಜನಕದ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಕ್ಷಾರಗುಣದ ಕಪ್ಪು ಮಣ್ಣು, ಬಿಸಿಲು ಎರಡೂ ಈ ನಷ್ಟವನ್ನು ಹೆಚ್ಚಿಸುತ್ತವೆ. ಯೂರಿಯಾವನ್ನು ಬೇರೆ ಘನದೊಡನೆ ಹೈಡ್ರೋಜನ್ ಬಂಧದಲ್ಲಿ ಕಟ್ಟಿಹಾಕಿದರೆ ಅದರ ಕರಗುವ ವೇಗವನ್ನೂ ತೇವ ಹೀರುವ ಗುಣವನ್ನೂ ಬದಲಿಸಬಹುದು. ಜಿಪ್ಸಂ ಮೊದಲಾದ ಖನಿಜಗಳೊಡನೆ ಯೂರಿಯಾ ಕೊಡುವ ಸಹಸ್ಫಟಿಕಗಳ ಮೇಲೆ ಈಗ ನಡೆಯುತ್ತಿರುವ ಸಂಶೋಧನೆಯ ಆಧಾರ ಇದು. ಮೇಲೆ ಹೇಳಿದ ಯೂರಿಯಾ–ಫಾಸ್ಫಾರಿಕ್ ಆಮ್ಲದ ಹರಳು ಯೂರಿಯಾ ಫಾಸ್ಫೇಟ್ ಎಂಬ ಹೆಸರಿನಲ್ಲಿ, 17-44-0 ಪೋಷಕಾಂಶ ಪ್ರಮಾಣದ ನೀರಿನಲ್ಲಿ ಕರಗುವ ಗೊಬ್ಬರವಾಗಿ, ಹನಿ ನೀರಾವರಿಯ ತೋಟಗಳಲ್ಲಿ ಈಗಾಗಲೇ ಬಳಕೆಯಲ್ಲಿದೆ.

ಜಿಲ್ಲಾ ಕೇಂದ್ರ ರಾಯಚೂರಿನಲ್ಲಿ 1987ರಿಂದ ಕೆಲಸ ಮಾಡುತ್ತಿರುವ ಶಿಲ್ಪಾ ಮೆಡಿಕೇರ್ ಔಷಧಗಳ ಮೂಲವಸ್ತುಗಳನ್ನು, ವಿಶೇಷವಾಗಿ ಕ್ಯಾನ್ಸರ್ ಔಷಧಗಳದನ್ನು ತಯಾರಿಸುತ್ತದೆ. ಅಂಥ ಉದ್ಯಮದಲ್ಲಿ ಪ್ರತಿ ಔಷಧದ ಹರಳಿನ ರೂಪವನ್ನು ಗುರುತಿಸಿ ಕಾಯ್ದುಕೊಳ್ಳುವುದು ಗುಣಮಟ್ಟ ಪರೀಕ್ಷೆಯ ಅವಿಭಾಜ್ಯ ಅಂಗ.

ಇಂದಿನ ಸ್ಥಿತಿ

ಕೇಂಬ್ರಿಜ್ ರಚನಾ ದತ್ತಸಂಚಯವನ್ನು ಓಲ್ಗಾ ಕೆನಾರ್ಡ್ 1965ರಲ್ಲಿ ಆರಂಭಿಸಿದರು. 2019ರಲ್ಲಿ ಅದರ ದಾಖಲೆಗಳ ಸಂಖ್ಯೆ ಹತ್ತು ಲಕ್ಷ ಮುಟ್ಟಿತು. ಹೊಸ ಜೋಡಿಗೆ ಯಾವ ಸಿಂಥಾನ್ ಹೆಚ್ಚು ಸಂಭವನೀಯ ಎಂದು ಇದರಿಂದ ಅಂದಾಜು ಮಾಡಬಹುದು. ಕ್ಷ-ಕಿರಣಕ್ಕೆ ಸಾಲದಷ್ಟು ಸಣ್ಣ ಹರಳುಗಳ ರಚನೆಯನ್ನು ಇಲೆಕ್ಟ್ರಾನ್ ವಿವರ್ತನೆಯಿಂದ ಬಿಡಿಸುವುದು ಈಗ ಸಾಧ್ಯವಾಗಿದೆ. ಗಣಕದಿಂದ ರಚನೆಯನ್ನು ಮುನ್ಸೂಚಿಸುವ ವಿಧಾನಗಳೂ ಸುಧಾರಿಸಿವೆ. ಆದರೆ ಒಂದು ಆಮ್ಲ ಮತ್ತು ಒಂದು ಸಹರೂಪಕ ಯಾವ ಅನುಪಾತದಲ್ಲಿ ಕೂಡುತ್ತವೆ, ಎಷ್ಟು ಬಹುರೂಪಗಳನ್ನು ಕೊಡುತ್ತವೆ ಎಂಬುದನ್ನು ಮುಂಚಿತವಾಗಿ ಖಚಿತವಾಗಿ ಹೇಳುವ ಸೂತ್ರ ಇನ್ನೂ ಇಲ್ಲ. ಪ್ರತಿ ಜೋಡಿಯನ್ನೂ ಪ್ರಯೋಗಾಲಯದಲ್ಲಿ ಹರಳುಗಟ್ಟಿಸಿ ನೋಡಿಯೇ ತೀರ್ಮಾನಿಸಲಾಗುತ್ತದೆ.